ನೀರು ತಾಗದ ಬಿಲ್ಲೆ

ನೀವು ಕೊಟ್ಟ ನಾಣ್ಯಕ್ಕೆ ಅಂಗಡಿಯವನು ನೀರು ಚಿಮುಕಿಸುವುದನ್ನು ಎಂದಾದರೂ ನಿಂತು ನೋಡಿದ್ದೀರಾ?

ಹಳೆಯ ರಟ್ಟಿನ ವಾಸನೆ ಬಂದರೆ ನನಗೆ ತಿಳವಳ್ಳಿಯ ನಮ್ಮ ಕೇರಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಜ್ಜಿ ಎಲೆಯಡಿಕೆ ಚೀಲದಿಂದ ಮೆತ್ತಗಾದ ರಟ್ಟಿನ ಬಿಲ್ಲೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಿಲ್ಲರೆ ಸಿಗದಾದಾಗ ಹಾನಗಲ್ಲಿನ ಕಿರಾಣಿ ಸಾವ್ಕಾರನೊಬ್ಬ ಶಾಯಿಯ ಮುದ್ರೆಯೊತ್ತಿ, ನಾಣ್ಯದ ಬದಲು ಕೊಟ್ಟಿದ್ದ ಬಿಲ್ಲೆ ಅದು.

"ನಮ್ಮ ರೊಕ್ಕ ಮೈಲಿಗಿ ಅಂತ ಕಟ್ಟಿ ಮ್ಯಾಲ ಇಡಸ್ತಿದ್ದ, ನೀರ ಚಿಮುಕಿಸಿ ತಗೋತಿದ್ದ. ಇಂಥಾದ್ದಕ್ಕ ನೀರ ಹಾಕಿದ್ರ ಅವನ ಶಾಯಿ ಶಿಕ್ಕಾನ ಅಳಸಿ ಹೋಗ್ತಿತ್ತಲ್ಲ!" ಎಂದು ಅಜ್ಜಿ ನಕ್ಕಳು.

"ಮತ್ತ ಬಿಲ್ಲಿ ತಿರುಗಿ ಕೊಟ್ಟಾಗ ಹೆಂಗ ತಗೊಂಡ?"

"ಕೈಯಾಗ. ಅವನ ಬೆರಳು ನನಗ ತಾಗಿದ್ವು. ಏನೂ ಆಗ್ಲಿಲ್ಲ ನೋಡವಾ, ಅವಗೂ, ನನಗೂ. ಮುಂದ ಚಿಲ್ಲರೆ ಬಂತು, ನೀರೂ ಬಂತು. ಅದಕ್ಕ ಇದೊಂದನ್ನ ಖರ್ಚ ಮಾಡ್ಲಿಲ್ಲ."

ನಾನು ಆ ಬಿಲ್ಲೆಯನ್ನು ಅಜ್ಜಿಯ ಅಂಗೈಯಲ್ಲೇ ಮರಳಿ ಇಟ್ಟೆ.

ಓದುಗರೇ, ಇಂದು ಯಾರಿಗಾದರೂ ಚಿಲ್ಲರೆ ಕೊಡುವಾಗ ದಯವಿಟ್ಟು ಅವರ ಅಂಗೈಯಲ್ಲೇ ಇಡಿ.