ಗಂಗರಾಜು ಮರ ಹತ್ತಿದ ಬೆಳಗು

“ಅಯ್ಯಯ್ಯೋ, ಯಾರಾದ್ರೂ ಇಳಿಸ್ರಪ್ಪ!”

ಶ್ರೀರಂಗಯ್ಯನವರ ತೋಟದ ಅತಿ ಎತ್ತರದ ತೆಂಗಿನ ಮರದಲ್ಲಿ, ಗೊನೆಗೆ ಒಂದು ಮಾರು ಕೆಳಗೆ, ಗಂಗರಾಜು ಮರವನ್ನು ತಬ್ಬಿಕೊಂಡಿದ್ದ. ಹೆಂಡತಿ ನಯನಳ ಮರ ಹತ್ತುವ ಯಂತ್ರವೇನೋ ಮರಕ್ಕೆ ಕಚ್ಚಿಕೊಂಡೇ ಇತ್ತು. ಆದರೆ ಅವನ ಬಲಗಾಲು ಅದರ ಕುಣಿಕೆಯಿಂದ ಜಾರಿತ್ತು. ಮತ್ತೆ ತೂರಿಸಬೇಕಾದರೆ ಕೆಳಗೆ ನೋಡಬೇಕು. ನೋಡಿದರೆ ತೋಟವೇ ಗಿರಗಿರ ತಿರುಗುತ್ತಿತ್ತು.

ಬುಡದಲ್ಲಿ ಕಾಯಿ ಸುಲಿಯುತ್ತಿದ್ದ ಸಂಘದ ಹೆಂಗಸರು ಕೆಲಸ ಬಿಟ್ಟು ಬಿದ್ದು ಬಿದ್ದು ನಗುತ್ತಿದ್ದರು.

“ಹೆಂಗಸು ಹತ್ತೋ ಮರ ನಂಗ್ಯಾವ ಲೆಕ್ಕ ಅಂದ್ರಲ್ಲಣ್ಣೋ, ಮ್ಯಾಲೆ ಗಾಳಿ ಹೆಂಗೈತೆ?”

“ನಯನಾ, ನೀನೇ ಹತ್ತಿ ಬಾರೇ!” ಗಂಗರಾಜು ಕೂಗಿದ.

ನಯನ ಬಟ್ಟೆ ಸುತ್ತಿದ ಎಡಗೈ ಎತ್ತಿ ತೋರಿಸಿದಳು. “ಯಾವ ಕೈಲಿ ಹತ್ಲಿ? ನಿನ್ನೆ ತಿರುಚಿದ್ರಲ್ಲ, ಈ ಕೈಲಾ?”

ನಗು ಗಕ್ಕನೆ ನಿಂತಿತು. ಕೂಲಿಯನ್ನು ತನ್ನದೇ ಖಾತೆಗೆ ಹಾಕಿಸಿಕೊಂಡಳೆಂದು ಅವನು ತಿರುಚಿದ ಕೈ ಅದು. ಊರಿನಲ್ಲಿ ಮರ ಹತ್ತಬಲ್ಲವಳು ಅವಳೊಬ್ಬಳೇ ಅಲ್ಲವೇ ಎಂದು ಗಂಗರಾಜುವಿಗೆ ಈಗ ದಿಗಿಲಾಯಿತು.

“ಅವ್ವಾ, ನೀನಾದ್ರೂ ಏನಾದ್ರೂ ಮಾಡವ್ವ!”

ಬದುವಿನ ಮೇಲೆ ಕೂತಿದ್ದ ತಾಯಿ ರಂಗಮ್ಮ ಎದ್ದು ಮನೆಯ ಕಡೆ ನಡೆದಳು. ದೇವರಿಗೆ ದೀಪ ಹಚ್ಚಲು ಹೋದಳೆಂದು ಅವನಿಗೆ ಸಮಾಧಾನ. ಎಂಥ ತಾಯಿ! ಈಚೆಗೆ ಶನಿವಾರ ತಪ್ಪದೆ ಸೊಸೆಯ ಜೊತೆ ಸಂಪಿಗೆ ಊರಿನ ಶ್ರೀನಿವಾಸನ ಗುಡಿಗೆಂದು ಹೋಗಿ, ಅಂಗೈ ಮೊಣಕಾಲು ತರಚಿಸಿಕೊಂಡು ಬರುತ್ತಿದ್ದಳು. ಮಗನ ಹೆಸರಿನಲ್ಲಿ ಉರುಳುಸೇವೆ ಇರಬೇಕು ಎಂದುಕೊಂಡಿದ್ದ.

ಕಣ್ಣು ಮುಚ್ಚಿ ಗೋವಿಂದ, ಗೋವಿಂದ ಎನ್ನುತ್ತಿದ್ದಂತೆ ಕೆಳಗಿನಿಂದ ಕಟಕ್, ಕಟಕ್ ಎಂದು ಸದ್ದು ಏರಿಬಂತು. ಇನ್ನೊಂದು ಯಂತ್ರ! ತುರುವೇಕೆರೆಯಿಂದ ಯಾರನ್ನೋ ಕರೆಸಿರಬೇಕು. ಒರಟು ಕೈಯೊಂದು ಅವನ ಪಾದ ಹಿಡಿಯಿತು, ಕುಣಿಕೆಯ ಹತ್ತಿರ ತಂದು ಅಲ್ಲೇ ನಿಲ್ಲಿಸಿತು.

“ಇನ್ಮೇಲೆ ಕೈ ಮಾಡಲ್ಲ ಅನ್ನಿ,” ಕೆಳಗಿನಿಂದ ನಯನ ಕೂಗಿದಳು. “ನನ್ನ ದುಡಿಮೆ ನಂದು. ಇನ್ನೊಂದ್ಸಲ ಕೈ ಎತ್ತಿದ್ರೆ ಸೀದಾ ಸ್ಟೇಷನ್ನಿಗೆ. ಇವರೆಲ್ಲ ಸಾಕ್ಷಿ.”

“ಎತ್ತಲ್ಲ! ತಿಮ್ಮಪ್ಪನಾಣೆ, ಎತ್ತಲ್ಲ!”

ಆ ಕೈ ಕದಲಲಿಲ್ಲ.

“ನಿಮ್ಮಪ್ಪನೂ ಇದೇ ಆಣೆ ಇಡ್ತಿದ್ದ ಕಣ್ಲಾ, ಆದ್ರೆ ನೆಲದ ಮ್ಯಾಲೆ ನಿಂತ್ಕಂಡು,” ಹೆಲ್ಮೆಟ್ಟಿನೊಳಗಿಂದ ರಂಗಮ್ಮ ಅಂದಳು. “ಗಟ್ಟಿಯಾಗಿ ಹೇಳು, ಊರಿಗೆಲ್ಲ ಕೇಳ್ಲಿ.”