ಚಾಸಿ ಜೋಡಿಸಿದ ಭಾನುವಾರ

ಮೆಷಿನ್ ಎಣ್ಣೆಯ ವಾಸನೆ ಬಂದರೆ ಈಗಲೂ ದಾಸರಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಆಟಿಕೆ ಉಗಿ ರೈಲು ಇಂಜಿನ್ನಿನ ಲೋಹದ ಬಿಡಿಭಾಗಗಳ ಕಿಟ್ ತಂದು, "ಭಾನುವಾರ ಇಬ್ರೂ ಸೇರಿ ಜೋಡ್ಸೋಣ" ಅಂದಿದ್ದ ಅಪ್ಪ, ಆ ಭಾನುವಾರವೂ ಓವರ್‌ಟೈಮ್‌ಗೆಂದು ಪೀಣ್ಯದ ಫ್ಯಾಕ್ಟರಿಗೆ ಹೋಗಿದ್ದರು. ಕಾದು ಸಾಕಾಗಿ, ಸಮವಾಗಿ ಕೂರಲೆಂದು ನೆಲಕ್ಕೆ ಮಲಗಿಸಿದ ಕನ್ನಡಿಯ ಮೇಲೆ ಇಂಜಿನ್ನಿನ ಅಡಿಚೌಕಟ್ಟು, ಅಂದರೆ ಚಾಸಿ ಇಟ್ಟು, ಒಬ್ಬನೇ ಎಣ್ಣೆ ಬಿಟ್ಟು ಚಕ್ರ ಜೋಡಿಸತೊಡಗಿದೆ. ಬೀದಿಯವರನ್ನೆಲ್ಲ ಅಣಕಿಸುತ್ತಿದ್ದ ಕಪಿ ನಾನು; ಬೈಯಲು ಅಪ್ಪ ಇಲ್ಲದ್ದಕ್ಕೆ ಅವರದೇ ದನಿಯಲ್ಲಿ ನನ್ನನ್ನೇ ಬೈದುಕೊಂಡೆ. "ಲೇ ಕತ್ತೆ, ಸ್ಕ್ರೂ ಈಗ್ಲೇ ಬಿಗೀಬೇಡ ಕಣೋ! ಮೊದ್ಲು ಚಕ್ರ ಸಲೀಸಾಗಿ ತಿರುಗ್ಲಿ."

"ಬಂದ್ರಾ?" ಅಡುಗೆಮನೆಯಿಂದ ಅಮ್ಮ ಕೇಳಿದಳು. ಸ್ವಲ್ಪ ಹೊತ್ತಿಗೆ ಕಾಫಿ ಲೋಟ ಹಿಡಿದೇ ಬಂದಳು. ಬಾಗಿಲ ಬಳಿ ಅಪ್ಪನ ಚಪ್ಪಲಿ ಇರಲಿಲ್ಲ. ನಾನು ಹಲ್ಲು ಕಿರಿದೆ. ಬೈಯುತ್ತಾಳೆಂದುಕೊಂಡರೆ, ಲೋಟ ನನ್ನ ಮುಂದಿಟ್ಟು ಪಕ್ಕದಲ್ಲೇ ಕೂತಳು.

"ಅವ್ರ ಥರಾನೇ ಇನ್ನೊಂದ್ಸಲ ಹೇಳೋ," ಅಂದಳು.