ಜೋರಾಗಿ ಓದು

“ಅದನ್ನ ಇಲ್ಲಿ ಕೊಡು,” ಎನ್ನುತ್ತಲೇ ಪರೀಕ್ಷಕಿ ಬಂಗಾರಿಯ ಕೈಯಿಂದ ಟ್ಯಾಬನ್ನು ಕಿತ್ತು, ಕಪಾಟಿನೊಳಗಿಟ್ಟು ಬೀಗ ತಿರುಗಿಸಿದರು. ಹನ್ನೊಂದು ವರ್ಷದ ಹುಡುಗಿಯ ಬೆರಳುಗಳು ಬರಿಯ ಗಾಳಿಯನ್ನು ಎರಡು ಸಲ ಒತ್ತಿ, ಏನೂ ಸಿಗದೆ ಮಡಿಚಿಕೊಂಡವು.

“ಮೇಡಂ, ಅದು ಆಟದ ಸಾಮಾನಲ್ಲ!” ಪಕ್ಕದಲ್ಲಿದ್ದ ಅಜ್ಜ ಎದ್ದೇಬಿಟ್ಟರು. “ಅದು ಅವಳ ಬಾಯಿ. ಪದದ ಮೇಲೆ ಬೆರಳಿಟ್ರೆ ಅದು ಮಾತಾಡುತ್ತೆ. ಓದಿದ್ದನ್ನ ಅವಳು ಹೇಳೋದೇ ಅದರಲ್ಲಿ.”

“ಯಜಮಾನ್ರೇ, ಪರೀಕ್ಷೆ ಕೋಣೇಲಿ ಫೋನು, ಟ್ಯಾಬು ಯಾವುದೂ ಇರಬಾರದು. ಎಲ್ಲಾ ಮಕ್ಕಳಿಗೂ ಒಂದೇ ನಿಯಮ. ಓದ್ತಿರೋದು ಹುಡುಗೀನೋ ಯಂತ್ರಾನೋ ನನಗೆ ಹೇಗೆ ಗೊತ್ತಾಗ್ಬೇಕು?”

“ಹಾಗಾದ್ರೆ ನಿಮ್ಮ ಕನ್ನಡಕಾನೂ ಅದೇ ಕಪಾಟಲ್ಲಿಡಿ. ಓದೋದು ನೀವೋ ಕನ್ನಡಕಾನೋ, ನೋಡೇಬಿಡೋಣ!”

ಮಾತು ಬೆಳ್ಳಿ, ಮೌನ ಬಂಗಾರ ಎಂದು ಸೊಸೆಯ ಕಣ್ಣೊರೆಸಿ, ಮಾತು ಬಾರದ ಮೊಮ್ಮಗಳನ್ನು ಬಂಗಾರಿ ಎಂದು ಕರೆದವರು ಇದೇ ಅಜ್ಜ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ತಲೆಕೆಳಗಾಗಿ ಜೋಡಿಸಿದ ಕೈ ಅವರದು. ತಲೆಕೆಳಗಾದ ಸಾಲನ್ನು ಓದುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಮೇಜಿನ ಆಚೆ ಬಂಗಾರಿ, ಈಚೆ ತಾವು, ನಡುವೆ ಒಂದು ಪುಸ್ತಕ, ಅವಳ ಮಡಿಲಲ್ಲಿ ಟ್ಯಾಬು. ಹೀಗೆ ಮೂರು ವರ್ಷ ಓದಿಸಿದ್ದರು. ಪುಸ್ತಕ ಯಾರ ಕಡೆಗೆ ತಿರುಗಿದ್ದರೂ ಈಗ ಇಬ್ಬರಿಗೂ ಒಂದೇ. ಇಂದಿನ ಕಾಗದದಲ್ಲಿ ‘ಓದಬಲ್ಲಳು’ ಎಂದು ಬಿದ್ದರೆ ಅವಳಿಗೆ ಮಹಡಿಯ ಮೇಲಿನ ಐದನೆಯ ತರಗತಿ. ಇಲ್ಲವಾದರೆ ಕೆಳಗಿನ ಕೋಣೆಯಲ್ಲಿ ದಿನವಿಡೀ ಮಣಿ ಪೋಣಿಸುವ ಕೆಲಸ. ಅಲ್ಲಿ ಪೋಣಿಸಿದ ಮಣಿಗಳನ್ನು ಸಂಜೆ ಆಯಾ ಬಿಚ್ಚಿ ಡಬ್ಬಿಗೆ ಸುರಿಯುವುದನ್ನೂ, ಮರುದಿನ ಅವನ್ನೇ ಅದೇ ಮಕ್ಕಳ ಮುಂದೆ ಹರಡುವುದನ್ನೂ ಅಜ್ಜ ಕಣ್ಣಾರೆ ಕಂಡಿದ್ದರು.

ಪರೀಕ್ಷಕಿ ಒಂದು ಚೀಟಿ ಮುಂದಿಟ್ಟರು. “ಜೋರಾಗಿ ಓದು.”

ಬಂಗಾರಿಯ ಕಣ್ಣು ಸಾಲಿನ ತುದಿಯವರೆಗೆ ಓಡಿ ನಿಂತಿತು. ತುಟಿ ಅದುರಿತು. ಗಂಟಲಿನಿಂದ ‘ಊಂ’ ಎಂಬ ದನಿಯಷ್ಟೇ ಹೊರಟಿತು. ಅವಳು ಕಪಾಟಿನ ಕಡೆಗೆ ಕೈ ತೋರಿಸಿದಳು.

“ಕೈ ಕೆಳಗೆ. ಬಾಯಲ್ಲಿ ಓದಬೇಕು.” ಗೋಡೆಯ ಗಡಿಯಾರ ಅರ್ಧ ನಿಮಿಷವನ್ನೂ ದಾಟಿರಲಿಲ್ಲ. “ಆಯ್ತು, ಸಾಕು.”

“ಊರುಗೋಲು ಕಿತ್ಕೊಂಡು, ಇವನಿಗೆ ನಡೆಯೋಕೆ ಬರಲ್ಲ ಅಂತ ಬರೀತೀರಾ ತಾಯಿ?”

“ನಾನು ಕಂಡಿದ್ದನ್ನ ಬರೀತೀನಿ, ಯಜಮಾನ್ರೇ. ಅಷ್ಟೇ ನನ್ನ ಕೆಲಸ.” ಪರೀಕ್ಷಕಿ ಫೈಲಿನಿಂದ ಒಂದು ಹಾಳೆ ಎಳೆದು ಮೇಜಿನ ಮೇಲಿಟ್ಟು, ಟಪ್ಪೆಂದು ಮೊಹರು ಒತ್ತಿದರು. ಆಮೇಲೆ ಕಪಾಟು ತೆರೆದರು. “ತಗೋಮ್ಮ, ನಿನ್ನ ಆಟ.”

ಬಂಗಾರಿ ಟ್ಯಾಬನ್ನು ಎದೆಗವಚಿಕೊಂಡಳು; ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ನೋಟ ಪರೀಕ್ಷಕಿಯ ಕಡೆಗೆ ತಿರುಗಿದ್ದ ಹಾಳೆಯ ಮೇಲೆ ನೆಟ್ಟಿತ್ತು. ಬೆರಳು ಮೂರು ಕಡೆ ಒತ್ತಿತು.

“ನಿನ್ನೆ. ನಾನು. ಮನೆ,” ಎಂದಿತು ಟ್ಯಾಬು.

“ನೋಡಿದ್ರಾ? ತಲೆ ಇಲ್ಲ, ಬುಡ ಇಲ್ಲ. ಕೈಗೆ ಸಿಕ್ಕಿದ್ದನ್ನ ಒತ್ತುತ್ತಾಳೆ,” ಪರೀಕ್ಷಕಿ ನಕ್ಕರು.

“ನಿನ್ನೆ,” ಟ್ಯಾಬು ಮತ್ತೆ ಹೇಳಿತು. “ನಿನ್ನೆ. ನಾನು. ಮನೆ.”

ಅಜ್ಜನಿಗೂ ಕ್ಷಣಕಾಲ ಏನೂ ಹೊಳೆಯಲಿಲ್ಲ. ನಿನ್ನೆ ಮಗು ಜ್ವರದಿಂದ ಮನೆಯಲ್ಲೇ ಮಲಗಿದ್ದದ್ದು ನಿಜ. ಅದನ್ನು ಈಗೇಕೆ ಎತ್ತುತ್ತಾಳೆ? ಅವರು ಮೊಮ್ಮಗಳ ನೋಟದ ಜಾಡು ಹಿಡಿದು ಮೇಜಿನ ಮೇಲೆ ಬಾಗಿದರು. ತಲೆಕೆಳಗಾದ ಸಾಲುಗಳು ಹಳೆಯ ಅಭ್ಯಾಸದಂತೆ ಕಣ್ಣಿಗೆ ತಾವಾಗಿಯೇ ಬಂದು ಕೂತವು: ‘ಮೂರು ಬಾರಿ ಪರೀಕ್ಷಿಸಲಾಗಿದೆ. ಓದಲು ಬಾರದು. ಮಣಿ ಕೆಲಸಕ್ಕೆ ಸೂಕ್ತ.’ ಅದರ ಕೆಳಗೆ ಸಹಿ. ಸಹಿಯ ಪಕ್ಕದಲ್ಲಿ ನಿನ್ನೆಯ ತಾರೀಕು.

ಅಜ್ಜನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಆದರೆ ದನಿ ಏರಲಿಲ್ಲ.

“ಮಗು ಓದಿದ್ದು ನಿಮಗೆ ಕೇಳಿಸ್ಲಿಲ್ಲ, ಮೇಡಂ. ಈ ಹಾಳೇನ ಈಗ ನೀವೇ ಓದಿ. ತಾರೀಕೂ ಬಿಡಬೇಡಿ. ಬಾಯಲ್ಲಿ, ಜೋರಾಗಿ.”

ಪರೀಕ್ಷಕಿಯ ಕಣ್ಣು ಕೊನೆಯ ಸಾಲಿನ ತುದಿಯವರೆಗೆ ಓಡಿ ನಿಂತಿತು. ತುಟಿ ಅದುರಿತು. ಮಾತು ಹೊರಡಲಿಲ್ಲ.

ಬಂಗಾರಿ ಒಂದು ಗಳಿಗೆ ಅವರ ಬಾಯನ್ನೇ ನೋಡಿದಳು. ಆಮೇಲೆ ತನ್ನ ಟ್ಯಾಬನ್ನು ಮೇಜಿನ ಮೇಲೆ ಮೆಲ್ಲಗೆ ಅವರ ಕಡೆಗೆ ಸರಿಸಿದಳು.